ಮಗ್ಗದ ಗೂಟ, ಗಣಕದ ಕೀಲಿ

ಬಾಗಲಕೋಟೆ ಜಿಲ್ಲೆಯ ಇಳಕಲ್ಲು ಸೀರೆಗೆ ಹೆಸರಾದ ಊರು. ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದ ಈ ಪಟ್ಟಣವು ಇಂದು ಸ್ವತಃ ತಾಲ್ಲೂಕು ಕೇಂದ್ರವಾಗಿದೆ. ಇಲ್ಲಿಯ ಕುಣಿಮಗ್ಗವನ್ನು ನೋಡಲು ಬಂದವರ ಕಣ್ಣು ಲಾಳಿಯ ಓಟದಲ್ಲೇ ನೆಟ್ಟಿರುತ್ತದೆ. ಮಗ್ಗದ ಮೇಲ್ಭಾಗದಲ್ಲಿರುವ ಡಾಬಿ ಎಂಬ ಸಣ್ಣ ಉಪಕರಣವನ್ನು ಗಮನಿಸುವವರು ಕಡಿಮೆ. ಸೀರೆಯ ದಡಿಯಲ್ಲಿ ಮೂಡುವ ಚಿತ್ತಾರದ ಗುಟ್ಟು ಅಡಗಿರುವುದು ಅಲ್ಲಿ. ಬಾದಾಮಿ ತಾಲ್ಲೂಕಿನಿಂದ ಬೇರ್ಪಟ್ಟ ಗುಳೇದಗುಡ್ಡದಲ್ಲಿ ರವಿಕೆಯ ಖಣಗಳನ್ನು ನೇಯುವವರಿಗೂ ಈ ಉಪಕರಣ ಪರಿಚಿತವೇ.

ಡಾಬಿಯಲ್ಲಿ ಮರದ ಪಟ್ಟಿಗಳನ್ನು ಸರಪಳಿಯಂತೆ ಜೋಡಿಸಿರುತ್ತಾರೆ. ಪ್ರತಿ ಪಟ್ಟಿಯಲ್ಲಿಯೂ ಸಾಲಾಗಿ ರಂಧ್ರಗಳಿರುತ್ತವೆ. ಗೂಟ ಚುಚ್ಚಿದ ರಂಧ್ರಕ್ಕೆ ಸಂಬಂಧಿಸಿದ ಹಾಸಿನ ಎಳೆಗಳು ಮೇಲೇಳುತ್ತವೆ. ಗೂಟವಿಲ್ಲದ ಕಡೆ ಎಳೆಗಳು ಕೆಳಗೇ ಉಳಿಯುತ್ತವೆ. ಹೊಕ್ಕಿನ ಒಂದು ಎಳೆಗೆ ಒಂದು ಪಟ್ಟಿ ಎಂಬುದು ಸಾಮಾನ್ಯವಾದ ಲೆಕ್ಕ. ಪಟ್ಟಿಗಳ ಸುತ್ತು ಮುಗಿದೊಡನೆ ಚಿತ್ತಾರವು ಮೊದಲಿನಿಂದ ಮತ್ತೆ ಆರಂಭವಾಗುತ್ತದೆ. ಗೂಟಗಳನ್ನು ಚುಚ್ಚುವಾಗ ಒಂದು ತಪ್ಪಿದರೆ, ಆ ತಪ್ಪು ಪ್ರತಿ ಸುತ್ತಿನಲ್ಲಿಯೂ ನಿಷ್ಠೆಯಿಂದ ಮರುಕಳಿಸುತ್ತದೆ. ಗೂಟವನ್ನು ಚುಚ್ಚಿದವರು ಯಾರೆಂದು ಮಗ್ಗವು ಕೇಳುವುದಿಲ್ಲ.

ಈ ಉಪಾಯವನ್ನು ಬಹುದೂರ ಕೊಂಡೊಯ್ದವನು ಫ್ರಾನ್ಸಿನ ಜೋಸೆಫ್ ಮರೀ ಜಾಕಾರ್ಡ್. 1804ರ ಅವನ ಯಂತ್ರದಲ್ಲಿ ಮರದ ಪಟ್ಟಿಯ ಬದಲು ತೂತು ಕೊರೆದ ರಟ್ಟಿನ ಕಾರ್ಡುಗಳಿದ್ದವು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣನಯಂತ್ರದ ಯೋಜನೆಗೆ ಇಂಥ ಕಾರ್ಡುಗಳನ್ನೇ ಆರಿಸಿಕೊಂಡನು. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹೊಲೆರಿತ್ ಎಣಿಸಿದ್ದೂ ತೂತಿನ ಕಾರ್ಡುಗಳಿಂದಲೇ. ಮಗ್ಗಕ್ಕೂ ಗಣಕಯಂತ್ರಕ್ಕೂ ಇರುವ ನಂಟು ಕೇವಲ ಹೋಲಿಕೆಯದಲ್ಲ.

ಇಂದಿನ ಗಣಕಯಂತ್ರವು ಮನುಷ್ಯನಿಂದ ಆಜ್ಞೆ ಪಡೆಯುವ ಮುಖ್ಯ ದ್ವಾರ ಕೀಲಿಮಣೆ. ಕೀಲಿಯನ್ನು ಒತ್ತಿದಾಗ ಯಂತ್ರದೊಳಗೆ ಹೋಗುವುದು ಅಕ್ಷರವಲ್ಲ, ಒಂದು ಸಂಖ್ಯೆ. ಯುಎಸ್‌ಬಿ ಕೀಲಿಮಣೆಯಲ್ಲಿ ಇಂಗ್ಲಿಷಿನ ‘ಎ’ ಕೀಲಿಗೆ 4, ‘ಬಿ’ ಕೀಲಿಗೆ 5, ಹೀಗೆ ಸಾಗುತ್ತದೆ. ಯುಎಸ್‌ಬಿ ಕಿಂಡಿಗೆ ಯಾವುದೇ ಸಾಧನವನ್ನು ಸಿಕ್ಕಿಸಿದಾಗ ಅದು ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ‘ನಾನು ಕೀಲಿಮಣೆ’ ಎಂದರೆ ಗಣಕಯಂತ್ರವು ಸಾಮಾನ್ಯವಾಗಿ ಅದನ್ನು ನಂಬಿಬಿಡುತ್ತದೆ. ಕೀಲಿಯ ಮೇಲೆ ಬೆರಳಿದೆಯೋ ಇಲ್ಲವೋ ಎಂಬುದು ಅದಕ್ಕೆ ಕಾಣದು.

ಈ ನಂಬಿಕೆಯನ್ನೇ ಆಧಾರವಾಗಿ ಮಾಡಿಕೊಂಡ ಸಾಧನಗಳಿವೆ. 2010ರಲ್ಲಿ ಬಂದ ರಬ್ಬರ್ ಡಕ್ಕಿ ನೋಟಕ್ಕೆ ಪೆನ್‌ಡ್ರೈವಿನಂತಿದ್ದು, ಕೆಲಸದಲ್ಲಿ ಕೀಲಿಮಣೆಯಾಗಿತ್ತು. ಅಂಗೈಯಲ್ಲಿ ಹಿಡಿಯುವ ಫ್ಲಿಪ್ಪರ್ ಜೀರೋ ಎಂಬ ಸಾಧನಕ್ಕೂ ಈ ವಿದ್ಯೆ ತಿಳಿದಿದೆ. ಅದಕ್ಕೆ ಒದಗಿಸಬೇಕಾದ ಆಜ್ಞಾಪಟ್ಟಿಯು, ಎಂದರೆ ಸ್ಕ್ರಿಪ್ಟ್, ಒಂದು ಸಾದಾ ಪಠ್ಯಕಡತ ಮಾತ್ರ. ಅದನ್ನು ಸಾಧನದ ಮೆಮೊರಿ ಕಾರ್ಡಿನಲ್ಲಿ ಗೊತ್ತುಪಡಿಸಿದ ಜಾಗಕ್ಕೆ ನಕಲು ಮಾಡಿ, ಸಾಧನದ ಪುಟ್ಟ ಪರದೆಯಲ್ಲಿ ಅದರ ಹೆಸರನ್ನು ಆರಿಸಿ ಗುಂಡಿ ಒತ್ತಿದರೆ ಸಾಕು. ಮೊದಲಿನ ರಬ್ಬರ್ ಡಕ್ಕಿಗೆ ಈ ಪಠ್ಯವನ್ನು ಸಂಕೇತರೂಪಕ್ಕೆ ತಿರುಗಿಸಿಯೇ ಕೊಡಬೇಕಾಗಿತ್ತು. ಚಿತ್ರವನ್ನು ನೋಡಿ ಕಾರ್ಡು ಕೊರೆಯುವ ಕೆಲಸದಂತೆ.

ಪಟ್ಟಿಯ ಒಂದೊಂದು ಸಾಲೂ ಒಂದೊಂದು ಆಜ್ಞೆ. ‘ಸ್ಟ್ರಿಂಗ್’ ಎಂದರೆ ಮುಂದಿನ ಅಕ್ಷರಗಳನ್ನು ಒತ್ತು. ‘ಎಂಟರ್’ ಎಂದರೆ ಆ ಕೀಲಿಯನ್ನು ಒತ್ತು. ‘ಡಿಲೇ 1000’ ಎಂದರೆ ಒಂದು ಸೆಕೆಂಡು ಕಾಯಿ. ಕಲಿಯುವವರು ಎಡವುವುದು ಈ ಕಾಯುವ ಆಜ್ಞೆಯಲ್ಲಿ. ಹಾಸಿನ ಎಳೆಗಳು ಬೇರ್ಪಟ್ಟು ದಾರಿ ತೆರೆಯುವ ಮುನ್ನ ಲಾಳಿಯನ್ನು ಹೊಡೆದರೆ ಎಳೆ ತುಂಡಾಗುವುದನ್ನು ನೇಕಾರರು ಬಲ್ಲರು. ಹಾಗೆಯೇ ಪರದೆಯ ಮೇಲೆ ಕಿಟಕಿ ತೆರೆಯುವ ಮುನ್ನವೇ ಕೀಲಿಗಳು ಬಿದ್ದರೆ ಅವು ವ್ಯರ್ಥವಾಗುತ್ತವೆ, ಇಲ್ಲವೆ ಬೇರೆಲ್ಲೋ ಹೋಗಿ ಸೇರುತ್ತವೆ.

ಎಳೆಗಳನ್ನು ಬೇರೆ ಕ್ರಮದಲ್ಲಿ ಪೋಣಿಸಿದ ಮಗ್ಗದಲ್ಲಿ ಅದೇ ಗೂಟಗಳು ಬೇರೆ ಚಿತ್ತಾರವನ್ನು ತರುತ್ತವೆ. ಗಣಕಯಂತ್ರದಲ್ಲಿಯೂ ಹೀಗೆಯೇ. 6, 16, 7 ಎಂಬ ಸಂಖ್ಯೆಗಳು ಬಂದಾಗ ಇಂಗ್ಲಿಷ್ ವಿನ್ಯಾಸದಲ್ಲಿ ‘ಸಿ, ಎಂ, ಡಿ’ ಮೂಡುತ್ತವೆ, ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ವಿನ್ಯಾಸದಲ್ಲಿದ್ದರೆ ‘ಚಮದ’ ಎಂದು ಮೂಡುತ್ತದೆ. ಆಜ್ಞೆಯಾಗಬೇಕಾದದ್ದು ಅರ್ಥವಿಲ್ಲದ ಶಬ್ದವಾಗುತ್ತದೆ. ಕನ್ನಡ ಬಲ್ಲ ಗಣಕಕ್ಕೆ ಇದು ತಾನಾಗಿ ದೊರೆತ ಸಣ್ಣ ರಕ್ಷಣೆ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ.

ಪ್ರಯೋಗಾಲಯದ ಮೂವತ್ತು ಗಣಕಗಳನ್ನು ಒಂದೇ ರೀತಿ ಅಣಿಗೊಳಿಸಬೇಕಾದವನಿಗೆ ಇಂಥ ಸಾಧನ ದೊಡ್ಡ ಉಪಕಾರಿ. ಆದರೆ ತಾಲ್ಲೂಕು ಕಚೇರಿಯ ನೌಕರನೊಬ್ಬನು ಗಣಕವನ್ನು ತೆರೆದಿಟ್ಟು ಚಹಕ್ಕೆ ಎದ್ದುಹೋದನೆನ್ನಿ. ಆಗ ಬಂದು ಸಿಕ್ಕಿಸಿದ ಸಾಧನವು ಆ ನೌಕರನ ಅಧಿಕಾರದಿಂದಲೇ ಒತ್ತತೊಡಗುತ್ತದೆ. ಕಡತಗಳಲ್ಲಿ ವೈರಸ್ಸನ್ನು ಹುಡುಕುವ ತಂತ್ರಾಂಶಕ್ಕೆ ಪರೀಕ್ಷಿಸಲು ಅಲ್ಲಿ ಕಡತವೇ ಇರುವುದಿಲ್ಲ. ಸಾಮಾನ್ಯ ಪೆನ್‌ಡ್ರೈವನ್ನೂ ಹೀಗೆ ವೇಷ ಹಾಕಿಸಬಹುದೆಂದು ಜರ್ಮನಿಯ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರಲ್ಲಿ ತೋರಿಸಿಕೊಟ್ಟರು. 2020ರಲ್ಲಿ ಅಮೆರಿಕದ ಸಂಸ್ಥೆಗಳಿಗೆ ಅಂಚೆಯಲ್ಲಿ ಉಡುಗೊರೆಯ ನೆಪದಿಂದ ಇಂಥ ಡ್ರೈವುಗಳು ಬರುತ್ತಿರುವುದಾಗಿ ಅಲ್ಲಿಯ ತನಿಖಾ ಸಂಸ್ಥೆ ಎಫ್‌ಬಿಐ ಎಚ್ಚರಿಸಿತು. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ, ಒಡೆಯನ ಅನುಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಗಣಕವನ್ನು ಪ್ರವೇಶಿಸಿದವರಿಗೆ ಮೂರು ವರ್ಷದವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಎದ್ದುಹೋಗುವ ಮುನ್ನ ಆ ನೌಕರನು ಪರದೆಗೆ ಬೀಗ ಹಾಕಿದ್ದರೆ ಕಥೆಯೇ ಬೇರೆ. ವಿಂಡೋಸ್ ಕೀಲಿಯೊಡನೆ ‘ಎಲ್’ ಒತ್ತಿದರೆ ಬೀಗ ಬೀಳುತ್ತದೆ. ಆಗಲೂ ಸಾಧನವು ತನ್ನ ಪಟ್ಟಿಯನ್ನು ಸಾಲು ತಪ್ಪದೆ ಒತ್ತುತ್ತಲೇ ಹೋಗುತ್ತದೆ. ಆ ಅಕ್ಷರಗಳೆಲ್ಲ ಗುಪ್ತಪದದ ಚೌಕದೊಳಗೆ ಚುಕ್ಕಿಗಳಾಗಿ ಬೀಳುತ್ತವೆ, ಗುಪ್ತಪದ ತಪ್ಪಾಗಿದೆಯೆಂದು ಗಣಕವು ಉತ್ತರಿಸುತ್ತದೆ.