ಸೀಸದ ಗುಂಡಿಗೆ ಚಪ್ಪಟೆ ಮೂಗೇಕೆ?

ಈ ಗುಂಡನ್ನು ನೋಡಿ. ತೂಕ 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಮೂಗು ಮಾತ್ರ ಚಪ್ಪಟೆ.

ಇದು ಅಮೆರಿಕದ .45-70 ತೋಟಾದ ಗುಂಡು. 1873ರಲ್ಲಿ ಅಲ್ಲಿನ ಸೇನೆಗೆಂದೇ ಬಂದ ತೋಟಾ; 0.45 ಇಂಚಿನ ಗುಂಡಿಗೆ 70 ಗ್ರೇನ್ ಕರಿಮದ್ದು. ಮುಂದೆ ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1886 ಲಿವರ್ ರೈಫಲ್‌ಗೂ ಇದೇ ತೋಟಾ ಬಂತು.

ಲಿವರ್ ಕೋವಿಯಲ್ಲಿ ನಳಿಗೆಯ ಕೆಳಗೊಂದು ಕೊಳವೆ. ತೋಟಾಗಳು ಅದರೊಳಗೆ ಸಾಲಾಗಿ ಮಲಗುತ್ತವೆ, ಹಿಂದಿನದರ ಮೂಗು ಮುಂದಿನದರ ಬುಡಕ್ಕೆ ತಾಗಿಕೊಂಡು. ಆ ಬುಡದಲ್ಲೇ ಕೇಪು! ಮೂಗು ಚೂಪಾಗಿದ್ದರೆ ಕೋವಿ ಒದ್ದ ಏಟಿಗೆ ಕೇಪು ಸಿಡಿದು ಕೊಳವೆಯೊಳಗೇ ಈಡು ಹಾರಬಹುದು.

ತೋಟಾ ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಅಮೆರಿಕದಲ್ಲಿ ಬಹಳ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಎರಕ ಅಚ್ಚಿನ ಮೂಲೆಮೂಲೆಗೂ ತುಂಬಲು ತವರ, ಗಟ್ಟಿಯಾಗಲು ಆಂಟಿಮನಿ. ಗುಂಡಿನ ಸುತ್ತಲಿನ ಗೀರುಗಳಿಗೆ ಜೇನುಮೇಣ ಬೆರೆತ ಜಿಡ್ಡು. ಅದಿಲ್ಲದಿದ್ದರೆ ಸೀಸ ನಳಿಗೆಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ಬಿರುಸಾಗಿ ಹೊಡೆಯುವವರು ಬುಡಕ್ಕೆ ಗ್ಯಾಸ್ ಚೆಕ್ ಎಂಬ ಪುಟ್ಟ ತಾಮ್ರದ ಬಟ್ಟಲನ್ನೂ ತೊಡಿಸುತ್ತಾರೆ.

ಹಿತ್ತಾಳೆ ಕೇಸಿನ ಬಾಯನ್ನು ಗುಂಡಿನ ಗೀರಿಗೆ ಒತ್ತಿ ಬಿಗಿಯುವುದು ಕೊನೆಯ ಕೆಲಸ. ಬಿಗಿ ಸಾಲದಿದ್ದರೆ ಕೊಳವೆಯ ಸ್ಪ್ರಿಂಗ್ ಮತ್ತು ಕೋವಿಯ ಒದೆತ ಗುಂಡನ್ನು ಒಳಕ್ಕೆ ತಳ್ಳುತ್ತವೆ, ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ.

ಮದ್ದಿನ ವಿಷಯದಲ್ಲಿ ಕಣ್ಣಳತೆ ನಡೆಯುವುದೇ ಇಲ್ಲ. ಕೈಪಿಡಿಗಳು ಈ ಒಂದೇ ತೋಟಾಕ್ಕೆ ಪ್ರತ್ಯೇಕ ಪಟ್ಟಿಗಳನ್ನು ಕೊಡುತ್ತವೆ: ಹಳೆಯ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್‌ಗೊಂದು, ಈಗಿನ ಮಾರ್ಲಿನ್ 1895ರಂಥ ಲಿವರ್ ಕೋವಿಗಳಿಗೊಂದು, ಇನ್ನೂ ಗಟ್ಟಿಯಾದ ರೂಗರ್ ನಂ. 1ಕ್ಕೆ ಮತ್ತೊಂದು. ಮಾರ್ಲಿನ್‌ಗೆಂದು ಕಟ್ಟಿದ ಬಿರುಸಿನ ತೋಟಾ ಟ್ರ್ಯಾಪ್‌ಡೋರ್‌ಗೆ ಹೊಕ್ಕರೆ ಕೋವಿಯೇ ಒಡೆದೀತು.