ಉಪ್ಪು ಕೊಟ್ಟ ಹೊಳಪು

ಉಪ್ಪಿನಕಾಯಿ ಭರಣಿಯನ್ನು ಕಾಣದ ಅಜ್ಜಿ ನಮ್ಮಲ್ಲಿ ಯಾರಿದ್ದಾರೆ? ಉಪ್ಪು, ಹುಳಿ, ಖಾರ ವರ್ಷಗಟ್ಟಲೆ ಕೂತರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಅಂಥ ಭರಣಿಗೆ ಉಪ್ಪಿನಿಂದಲೇ ಹೊಳಪು ಕೊಡಬಹುದು ಎಂದರೆ ನಂಬುತ್ತೀರಾ ಮಕ್ಕಳೇ?

ಈ ವಿದ್ಯೆ ಜರ್ಮನಿಯ ರೈನ್ ನದಿಯ ಸೀಮೆಯದು. ಅಲ್ಲಿನ ಕುಂಬಾರರು 500 ವರ್ಷಗಳ ಹಿಂದೆಯೇ ಇದನ್ನು ಬಲ್ಲವರಾಗಿದ್ದರು. ಆವಿಗೆಯ ಶಾಖ ಸುಮಾರು 1250 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಳಗೆ ಉಪ್ಪು ಎಸೆಯುತ್ತಾರೆ. ನಾವು ಸಾರಿಗೆ ಹಾಕುವ ಉಪ್ಪೇ! ಅದು ಆವಿಯಾಗಿ ಪಾತ್ರೆಗಳನ್ನು ಸುತ್ತುತ್ತದೆ. ಉಪ್ಪಿನಲ್ಲಿರುವ ಸೋಡಿಯಂ, ಜೇಡಿಮಣ್ಣಿನಲ್ಲಿರುವ ಸಿಲಿಕಾ ಎರಡೂ ಕೂಡಿ ಗಾಜಿನ ತೆಳು ಪದರವಾಗುತ್ತದೆ. ಮುಟ್ಟಿದರೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳು. ಆಗ ಏಳುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಹಾಗಾಗಿ ಇದು ಬಲ್ಲವರು ಮಾತ್ರ ಮಾಡುವ ಕೆಲಸ.

ನಮ್ಮ ಕಾಲದಲ್ಲಿ ಇದಕ್ಕೆ ಹೊಸ ಜೀವ ಕೊಟ್ಟವರಲ್ಲಿ ಅಮೆರಿಕದ ಡಾನ್ ರೈಟ್ಜ್ ಒಬ್ಬರು. ಹುಟ್ಟಿದ್ದು 1929ರಲ್ಲಿ. ಅಕ್ಷರಗಳು ಕಣ್ಣೆದುರು ತಡವರಿಸುವ ಡಿಸ್ಲೆಕ್ಸಿಯಾ ಅವರಿಗಿತ್ತು. ನೌಕಾಪಡೆಯಲ್ಲಿ ದುಡಿದರು, ಮಾಂಸದಂಗಡಿಯಲ್ಲೂ ಕೆಲಸ ಮಾಡಿದರು. ಆಮೇಲೆ ಮಣ್ಣು ಕೈಹಿಡಿಯಿತು. 1962ರಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. ಜನ ಅವರನ್ನು ‘ಮಿಸ್ಟರ್ ಸಾಲ್ಟ್’ ಎಂದೇ ಕರೆದರು.

1982ರಲ್ಲಿ ದೊಡ್ಡ ರಸ್ತೆ ಅಪಘಾತವಾಯಿತು. ತಿರುಗಣೆಯ ಮುಂದೆ ಕೂರುತ್ತಿದ್ದ ಗಟ್ಟಿಮುಟ್ಟು ಆಳು ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ಅವರ ಕುಟುಂಬದ ಐದು ವರ್ಷದ ಹುಡುಗಿ ಸಾರಾ ಕ್ಯಾನ್ಸರ್‌ ಜೊತೆ ಹೋರಾಡುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಚಿತ್ರ ಬರೆದು ಕಳಿಸತೊಡಗಿದರು. ಮಗುವಿನ ಚಿತ್ರದಲ್ಲಿ ಅಂಜಿಕೆಯಿಲ್ಲ, ‘ಇದು ಸರಿಯೋ ತಪ್ಪೋ’ ಎಂಬ ಪ್ರಶ್ನೆಯೂ ಇಲ್ಲ. ಆ ಗೆರೆಗಳನ್ನು, ಆ ಗಾಢ ಬಣ್ಣಗಳನ್ನು ರೈಟ್ಜ್ ಜೇಡಿಮಣ್ಣಿನ ಮೇಲೆ ತಂದರು. ಆ ಕೃತಿಗಳಿಗೆ ಇಂದಿಗೂ ಸಾರಾಳ ಹೆಸರೇ ಇದೆ. ಮುಂದೆ ಅವರು ಮತ್ತೆ ಆವಿಗೆಯ ಮುಂದೆ ನಿಂತರು. 2014ರಲ್ಲಿ ತೀರಿಕೊಳ್ಳುವವರೆಗೂ ಮಣ್ಣಿನ ನಂಟು ಬಿಡಲಿಲ್ಲ.

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದವನು ನಾನು. ಆದರೂ ಇಲ್ಲಿ ಯಾರ ಖಾತೆಗೆ ಜಮಾ, ಯಾರ ಖಾತೆಗೆ ಖರ್ಚು ಎಂದು ಬರೆಯಲಾರೆ. ದೊಡ್ಡವರು ಚಿಕ್ಕವರಿಗೆ ಕಲಿಸುವುದು ಲೋಕರೂಢಿ. ಇಲ್ಲಿ ಹೆಸರಾಂತ ಮೇಷ್ಟರೇ ಮಗುವಿನಿಂದ ಕಲಿತರು.

ಮಕ್ಕಳೇ, ನಿಮ್ಮ ಅಜ್ಜನೋ ಅಜ್ಜಿಯೋ ಹುಷಾರಿಲ್ಲದೆ ಮಲಗಿದ್ದರೆ ಒಂದು ಚಿತ್ರ ಬರೆದು ಕೊಡಿ. ಅಜ್ಜ ಅಜ್ಜಿಯರೇ, ಕೈ ನಡುಗಿದರೂ ಸರಿ, ಉತ್ತರವಾಗಿ ನೀವೂ ಒಂದು ಬರೆಯಿರಿ.