ನಮ್ಮ ಎಲೆಯ ಮೇಲಿನ ಅನ್ನವೂ ಅದನ್ನು ಬೆಳೆದ ಕೈಗಳೂ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ, ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ನಾನು ಒಂದು ಚಿಕ್ಕ ಪ್ರಶ್ನೆಯನ್ನು ಕೊಟ್ಟು, ಅರ್ಧ ಪುಟದಷ್ಟು ಉತ್ತರವನ್ನು ಬರೆದು ತರುವಂತೆ ಹೇಳಿದೆನು. “ನಿನ್ನೆ ರಾತ್ರಿ ನೀವು ಉಂಡ ಊಟದಲ್ಲಿ ಏನೇನಿತ್ತು? ಅದನ್ನು ಬೆಳೆದವರು ಯಾರು?” ಎಂಬುದೇ ಆ ಪ್ರಶ್ನೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಸೀಮೆಗಳ ಹಳ್ಳಿಗಳಿಂದ ಬಂದವರು. ಹೊಲಗದ್ದೆಗಳ ನಡುವೆಯೇ ಹುಟ್ಟಿ ಬೆಳೆದವರು. ಆದರೂ ಪ್ರಶ್ನೆಯ ಮೊದಲನೆಯ ಭಾಗಕ್ಕೆ ಎಲ್ಲರೂ ಚೆನ್ನಾಗಿ ಉತ್ತರ ಬರೆದು, ಎರಡನೆಯ ಭಾಗಕ್ಕೆ ಬಹುಮಂದಿ “ಅಂಗಡಿಯಿಂದ ತಂದದ್ದು” ಎಂದಷ್ಟೇ ಬರೆದಿದ್ದರು. ಪಿರಿಯಾಪಟ್ಟಣದ ಕಡೆಯ ಒಬ್ಬ ಬಾಲಿಕೆಯು ಬರೆದದ್ದು ಇನ್ನೂ ನನ್ನ ಮನಸ್ಸಿನಲ್ಲಿದೆ: “ನಮಗೆ ಮೂರು ಎಕರೆ ಹೊಲವಿದೆ. ಅದರಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಮುದ್ದೆಯ ರಾಗಿಯನ್ನು ನ್ಯಾಯಬೆಲೆ ಅಂಗಡಿಯಿಂದ ತರುತ್ತೇವೆ.”

ಆ ಮಗುವನ್ನು ನಾನು ತಪ್ಪೆಣಿಸಲಾರೆ. ನಾನೂ ಮಿಷನ್ ಶಾಲೆಯ ವಸತಿಗೃಹದಲ್ಲಿ ಬೆಳೆದವಳು. ಅಲ್ಲಿನ ಪುಸ್ತಕಾಲಯದಲ್ಲಿ ಇಂಗ್ಲೆಂಡಿನ ಗ್ರಾಮಜೀವನವನ್ನು ವರ್ಣಿಸುವ ಹಳೆಯ ಪುಸ್ತಕಗಳು ಬಹಳವಿದ್ದವು. ಯಾವ ಕಣಿವೆಯಲ್ಲಿ ಯಾವ ಚೀಸು ಆಗುತ್ತದೆ, ಯಾವ ಪ್ರಾಂತದ ಸೇಬು ಯಾವ ರುಚಿಯದು ಎಂಬುದನ್ನು ನಾನು ಹದಿನಾಲ್ಕನೆಯ ವಯಸ್ಸಿಗೇ ಬಲ್ಲವಳಾಗಿದ್ದೆನು. ಆದರೆ ನಮ್ಮ ತಟ್ಟೆಗೆ ಬೀಳುತ್ತಿದ್ದ ಅವರೆಕಾಳು ಯಾವ ಹೊಲದ್ದೆಂದು ಒಂದು ದಿನವೂ ಕೇಳಿದವಳಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ, ನಮ್ಮ ನಾಲ್ಕು ಸೀಮೆಗಳ ಆಹಾರ ಯಾವುದು, ಅದು ಈ ನೆಲಕ್ಕೆ ಹೇಗೆ ಹೊಂದಿಕೊಂಡಿದೆ, ಅದನ್ನು ಉಳಿಸುವವರು ಯಾರು ಎಂಬ ವಿಷಯವನ್ನು ತಿಳಿದಮಟ್ಟಿಗೆ ವಿವರಿಸಲು ಪ್ರಯತ್ನಿಸುತ್ತೇನೆ. ಸರಗೂರು, ಸಾಲಿಗ್ರಾಮಗಳು ಈಚೆಗೆ ಬೇರೆ ತಾಲ್ಲೂಕುಗಳಾಗಿರುವುದುಂಟು. ನಮ್ಮ ಮಾತಿಗೆ ಅವುಗಳನ್ನೂ ಒಳಗೊಂಡ ಹಳೆಯ ಎಲ್ಲೆಯೇ ಸಾಕು.

ಪಶ್ಚಿಮದಲ್ಲಿ ಕೊಡಗಿನ ಬೆಟ್ಟಗಳೂ, ದಕ್ಷಿಣದಲ್ಲಿ ನಾಗರಹೊಳೆ ಬಂಡೀಪುರಗಳ ಕಾಡೂ ಈ ಸೀಮೆಗೆ ಗಡಿಯಾಗಿವೆ. ಕಾಡಿನ ಅಂಚಿನಿಂದ ಮೂಡಲಿಗೆ ಬಂದ ಹಾಗೆಲ್ಲ ಮಳೆಯು ಕಡಮೆಯಾಗುತ್ತದೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ಎಂಬ ಮೂರು ಹೊಳೆಗಳು ಇಲ್ಲಿ ಹರಿಯುತ್ತವೆ. ಹೊಳೆಯ ನೀರು ಹರಿದ ಕಡೆ ಭತ್ತ, ಆಕಾಶದ ನೀರನ್ನೇ ನಂಬಿದ ಕೆಮ್ಮಣ್ಣಿನ ಹೊಲದಲ್ಲಿ ರಾಗಿ, ಕಾಡಿನಲ್ಲಿ ಜೇನು ಗೆಡ್ಡೆ ಗೆಣಸು. ಹೀಗೆ ನೀರು ಮಣ್ಣುಗಳೇ ನಮ್ಮ ಊಟವನ್ನು ಪಾಲು ಮಾಡಿಟ್ಟಿವೆ.

ಮೊದಲು ರಾಗಿಯ ವಿಷಯ. ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ರಾಗಿಯನ್ನು ಮಾತ್ರ ಬಿತ್ತುತ್ತಿರಲಿಲ್ಲ. ಕೂರಿಗೆಯಿಂದ ಕೆಲವು ಸಾಲು ರಾಗಿಯನ್ನು ಬಿತ್ತಿ, ನಡುವೆ ಒಂದು ಅಕ್ಕಡಿ ಸಾಲನ್ನು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಹಾಕುತ್ತಿದ್ದರು. ಇದು ಬರಿಯ ಸಂಪ್ರದಾಯವಲ್ಲ; ಇದರಲ್ಲಿ ಬಹು ಯುಕ್ತಿಯುಂಟು. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಜೇನುಹುಳುಗಳನ್ನು ಕರೆಯುತ್ತದೆ. ಮಳೆ ತಪ್ಪಿ ಒಂದು ಬೆಳೆ ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಸಾಲುಗಳ ನಡುವೆ ತಾನಾಗಿಯೇ ಹುಟ್ಟುವ ಅಣ್ಣೆಸೊಪ್ಪು ಮುಂತಾದುವನ್ನು ಹೆಂಗಸರು ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಮುದ್ದೆಗೆ ಬೇಕಾದ ಹಿಟ್ಟು, ಸಾರಿಗೆ ಬೇಕಾದ ಕಾಳು, ಒಗ್ಗರಣೆಗೆ ಬೇಕಾದ ಸಾಸಿವೆ, ಚಟ್ನಿಪುಡಿಗೆ ಬೇಕಾದ ಹುಚ್ಚೆಳ್ಳು, ಇವೆಲ್ಲವೂ ಒಂದೇ ಹೊಲದಿಂದ ಬರುತ್ತಿದ್ದವು.

ರಾಗಿಯ ಕಾಳು ಅತಿ ಸಣ್ಣದು. ಅದಕ್ಕೆ ಹುಳು ಸುಲಭವಾಗಿ ಬೀಳುವುದಿಲ್ಲ. ಆದುದರಿಂದಲೇ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ವರುಷಗಟ್ಟಲೆ ಇಡುತ್ತಿದ್ದರು. ಬರಗಾಲದಲ್ಲಿ ಹಗೇವೇ ಹಳ್ಳಿಯ ಜೀವವಾಗಿತ್ತು. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿರುತ್ತದೆ. ಅಕ್ಕಿಯಲ್ಲಿ ಅದು ಬಹು ಅಲ್ಪ. ಬೆಳೆಯುವ ಬಾಲಿಕೆಯರ ಎಲುಬಿಗೆ ಇದು ಎಷ್ಟು ಅಗತ್ಯವೆಂಬುದನ್ನು ನಾನು ಹೇಳಬೇಕಾಗಿಲ್ಲ. ೨೦೨೩ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರುಷವೆಂದು ಸಾರಿದಾಗ ಪಟ್ಟಣದವರು ರಾಗಿಯನ್ನು ಹೊಸದಾಗಿ ಹೊಗಳಿದರು. ನಮ್ಮ ಅಜ್ಜಿಯರು ಅದನ್ನು ಎಂದೂ ಮರೆತಿರಲಿಲ್ಲ.

ಅವರೆಯ ಗುಣವೂ ವಿಚಿತ್ರವಾದದ್ದು. ನಾಡ ಅವರೆಯು ಹಗಲು ಕುಗ್ಗುತ್ತ ಬಂದಾಗಲೇ ಹೂ ಬಿಡುವ ಗಿಡ. ಆದಕಾರಣ ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿಯೇ ಅದರ ಸೊನೆಯ ಸೊಗಡು ಊರೆಲ್ಲ ಹರಡುತ್ತದೆ. ಈಗ ವರುಷವೆಲ್ಲ ಕಾಯಿ ಬಿಡುವ ತಳಿಗಳು ಬಂದಿವೆ. ಅವು ಉಪಯೋಗವಾದುವೇ ಸರಿ. ಆದರೆ ಹಿತಕಿದ ಬೇಳೆಯ ಸಾರನ್ನು ಬಲ್ಲವರು ಇಬ್ಬನಿಯ ಅವರೆಯನ್ನೇ ಕಾಯುತ್ತಾರೆ.

ಇನ್ನು ಕೃಷ್ಣರಾಜನಗರದ ಕಡೆಗೆ ಹೋದರೆ ಭತ್ತದ ಬಯಲು. ಹಳೆಯ ಎಡತೊರೆಯ ಈ ಸೀಮೆಯಲ್ಲಿ ಕಾವೇರಿಗೆ ಅಡ್ಡವಾಗಿ ಪೂರ್ವಿಕರು ಕಟ್ಟಿದ ಕಟ್ಟೆಗಳಿಂದಲೂ, ಹುಣಸೂರು ಸೀಮೆಯಲ್ಲಿ ಲಕ್ಷ್ಮಣತೀರ್ಥದ ಹನಗೋಡು ಅಣೆಕಟ್ಟೆಯಿಂದಲೂ ನಾಲೆಗಳು ಹೊರಟು ಗದ್ದೆಗಳನ್ನು ತೋಯಿಸುತ್ತವೆ. ಇಲ್ಲಿ ರಾಜಮುಡಿ, ರತ್ನಚೂಡಿ ಎಂಬ ನಾಡತಳಿಗಳಿದ್ದವು. ಕೆಂಪು ಛಾಯೆಯ ರಾಜಮುಡಿಯು ಅರಸರ ಕಾಲದಲ್ಲಿ ಅರಮನೆಗೆ ಸಲ್ಲುತ್ತಿತ್ತೆಂದು ಹೇಳುತ್ತಾರೆ. ೧೯೬೬ರಲ್ಲಿ ಫಿಲಿಪೈನ್ಸಿನ ಸಂಶೋಧನಾಲಯದಿಂದ ಹೊರಟ ಐ. ಆರ್. ೮ ಮುಂತಾದ ಗಿಡ್ಡ ತಳಿಗಳು ಬಂದ ಮೇಲೆ ಇಳುವರಿ ಹೆಚ್ಚಿತು, ದೇಶದ ಹಸಿವು ಇಳಿಯಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಎತ್ತರದ ನಾಡಭತ್ತದೊಡನೆ ಅದರ ಹುಲುಸಾದ ಹುಲ್ಲೂ ಹೋಯಿತು. ಹುಲ್ಲು ಕಡಮೆಯಾದರೆ ದನ ಕಡಮೆ. ದನ ಕಡಮೆಯಾದರೆ ಗೊಬ್ಬರ ಕಡಮೆ. ಒಂದು ತಳಿಯು ಮರೆಯಾಗುವುದೆಂದರೆ ಅದರ ಹಿಂದೆ ಕಟ್ಟಿದ ಸರಪಣಿಯೇ ಸಡಿಲವಾಗುವುದೆಂದು ಇದರಿಂದ ತಿಳಿಯಬಹುದು.

ದನಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂಬ ಹೆಸರಿಟ್ಟನು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲೇಯ ಅಧಿಕಾರಿಗಳ ಕೈಯಲ್ಲಿ ಈ ದನಗಳ ಇಲಾಖೆಯು ನಮ್ಮ ಹುಣಸೂರನ್ನೇ ಕೇಂದ್ರವಾಗಿ ಹೊಂದಿತ್ತು. ಇಂದಿಗೂ ಸಂಕ್ರಾಂತಿಯ ಕಾಲದಲ್ಲಿ ಚುಂಚನಕಟ್ಟೆಯ ಜಾತ್ರೆಗೆ ಹೋದವರು ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಕಣ್ತುಂಬ ನೋಡಬಹುದು.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದವರು ವಾಸಿಸುತ್ತಾರೆ. ಎತ್ತರದ ಮರಗಳಲ್ಲಿ ತೊಟ್ಟಿಲಿನಂತೆ ತೂಗುವ ಹೆಜ್ಜೇನು, ಪೊಟರೆಯೊಳಗಿನ ತುಡುವೆ, ಪೊದೆಯ ಕಡ್ಡಿಗೆ ಕಟ್ಟುವ ಕೋಲುಜೇನು, ಇವುಗಳ ಭೇದವನ್ನು ಅಲ್ಲಿನ ಮಕ್ಕಳೂ ಬಲ್ಲರು. ಹೆಜ್ಜೇನನ್ನು ಕೀಳುವವರು ಕತ್ತಲಲ್ಲಿ ಮರ ಹತ್ತಿ, ಹಸಿ ಸೊಪ್ಪಿನ ಹೊಗೆಯಿಂದ ಹುಳುಗಳನ್ನು ಚದರಿಸಿ, ತುಪ್ಪವಿರುವ ಭಾಗವನ್ನು ಕೊಯ್ದು ಇಳಿಸುತ್ತಾರೆ. ಮರಿಗಳಿರುವ ಹಲ್ಲೆಯನ್ನು ಬಿಟ್ಟರೆ ಮಾತ್ರ ಹುಳು ಉಳಿಯುವುದೆಂಬುದು ಬಲ್ಲವರ ನಿಯಮ. ಮಳೆಗಾಲದಲ್ಲಿ ಮೂಡುವ ಬಿದಿರಿನ ಕಳಲೆಯನ್ನು ಹಾಗೆಯೇ ತಿನ್ನಬಾರದು; ಅದರಲ್ಲಿ ವಿಷಾಂಶವುಂಟು. ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಯಿಟ್ಟು, ಬೇಯಿಸಿದ ಮೇಲೆಯೇ ಪಲ್ಯಕ್ಕೆ ಯೋಗ್ಯ. ಇಂಥ ಜ್ಞಾನವು ಯಾವ ಪಠ್ಯಪುಸ್ತಕದಿಂದ ಬಂದದ್ದು?

ಆದರೆ ಈ ಜನರು ನೆಮ್ಮದಿಯಾಗಿಲ್ಲ. ೧೯೭೪ರಲ್ಲಿ ಪೂರ್ಣವಾದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳೂ ಕಾಡೂ ಮುಳುಗಿದವು. ೧೯೮೮ರಲ್ಲಿ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾಯಿತು. ಹುಲಿ ಆನೆಗಳಿಗೆ ಆಶ್ರಯ ದೊರೆತದ್ದು ಒಳ್ಳೆಯದೇ. ಆದರೆ ಅನೇಕ ಕುಟುಂಬಗಳು ತಮ್ಮ ಜೇನುಮರಗಳಿಂದ ದೂರವಾದವು. ೨೦೦೬ರ ಅರಣ್ಯ ಹಕ್ಕುಗಳ ಕಾನೂನು ಜೇನು ಮುಂತಾದ ಕಿರು ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಅವರದೆಂದು ಒಪ್ಪಿದೆ. ಕಾಗದದ ಹಕ್ಕು ಕೈಗೆ ಬರುವ ದಾರಿ ದೀರ್ಘವಾದದ್ದು. ಮೇಲಿನ ಪ್ರಶ್ನೆಗೆ ಹಾಡಿಯಿಂದ ಬಂದ ನಮ್ಮ ಒಬ್ಬ ವಿದ್ಯಾರ್ಥಿನಿಯು ಬರಿಯ “ಅನ್ನ, ಸಾರು” ಎಂದು ಬರೆದಿದ್ದಳು. ತಾತನು ಜೇನು ಕೀಳುವವನೆಂದು ಬರೆದರೆ ಗೆಳತಿಯರು ನಗುವರೆಂಬ ಅಂಜಿಕೆ ಅವಳಿಗಿತ್ತೆಂದು ಆಮೇಲೆ ತಿಳಿಯಿತು.

ಇಲ್ಲಿ ಯಾರಾದರೂ, ‘ನಮ್ಮ ನೆಲದ ಆಹಾರ’ ಎಂದರೆ ಇಲ್ಲಿಯೇ ಹುಟ್ಟಿದ್ದು ಮಾತ್ರವೇ ಎಂದು ಕೇಳಬಹುದು. ಹಾಗಲ್ಲ. ರಾಗಿಯು ಸಾವಿರಾರು ವರುಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ಮೆಣಸಿನಕಾಯಿ, ಮುಸುಕಿನ ಜೋಳಗಳು ಅಮೆರಿಕದಿಂದ ಬಂದುವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ೧೯೬೦ರ ಸುಮಾರಿನಲ್ಲಿ ಬಂದು ನೆಲೆಸಿದ ಟಿಬೆಟಿನ ನಿರಾಶ್ರಿತರು, ತಮ್ಮ ನಾಡಿನ ಬಾರ್ಲಿಯು ಈ ಸೆಕೆಗೆ ಹೊಂದದೆ, ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳವನ್ನು ಬೆಳೆದರು. ಈಗ ಅವರ ಮೊಮೊ ನಮ್ಮ ಹುಡುಗಿಯರಿಗೂ ಪ್ರಿಯ. ಎಲ್ಲಿಂದ ಬಂತೆಂಬುದಲ್ಲ, ಯಾರ ಆರೈಕೆಯಲ್ಲಿ ಈ ಮಣ್ಣಿಗೆ ಒಗ್ಗಿತೆಂಬುದೇ ಮುಖ್ಯ.

ಹೊಗೆಸೊಪ್ಪೂ ಅಮೆರಿಕದ್ದೇ. ಅದರ ವರ್ಜೀನಿಯಾ ಜಾತಿಯು ನಮ್ಮ ಕೆಮ್ಮಣ್ಣಿಗೂ ಮುಂಗಾರಿಗೂ ಚೆನ್ನಾಗಿ ಹೊಂದಿತು. ೧೯೭೬ರಲ್ಲಿ ತಂಬಾಕು ಮಂಡಳಿಯು ಆರಂಭವಾಗಿ, ೧೯೮೪ರಿಂದ ನಮ್ಮ ರಾಜ್ಯದಲ್ಲಿ ಹರಾಜು ನಡೆಯುತ್ತ ಬಂದಿದೆ. ರಾಗಿಗೆ ಇಲ್ಲದ ನಗದು ಇದಕ್ಕುಂಟು. ನಮ್ಮ ಶಾಲೆಯ ಶುಲ್ಕವನ್ನೂ ಎಷ್ಟೋ ತಂದೆಗಳು ಈ ಹಣದಿಂದಲೇ ಕಟ್ಟಿದ್ದಾರೆ. ಆದುದರಿಂದ ಬೆಳೆದವನನ್ನು ಬಯ್ಯುವುದು ನ್ಯಾಯವಲ್ಲ. ಆದರೂ ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕು. ಬ್ಯಾರನ್ನಿನೊಳಗೆ ಎಲೆ ಹದವಾಗಲು ಐದಾರು ದಿನ ಹಗಲಿರುಳು ಸೌದೆ ಉರಿಯಬೇಕು. ಅದಕ್ಕೆ ಮರ ಬೇಕು. ಎಲೆಯನ್ನು ಕಡ್ಡಿಗೆ ಕಟ್ಟುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಹೊಗೆಸೊಪ್ಪಿನ ಹಿಂದೆಯೇ ರಾಗಿಯನ್ನು ಬಿತ್ತುವ ರೈತರೂ ಇದ್ದಾರೆ. ಆದರೆ ತಡವಾಗಿ ಬಿತ್ತಿದ ಆ ರಾಗಿಯು ಹಿಂಗಾರಿನ ಕೃಪೆಯನ್ನು ಕಾಯಬೇಕು, ಅಕ್ಕಡಿಗೆ ಎಡೆಯೂ ಇಲ್ಲ.

ಕಳೆದುಹೋದದ್ದು ಮರಳಿ ಬರುವುದುಂಟೆ? ನಾನು ಬಾಲ್ಯದಲ್ಲಿ ಓದಿದ ಇಂಗ್ಲೆಂಡಿನಿಂದಲೇ ಒಂದು ಉದಾಹರಣೆಯನ್ನು ಕೊಡುತ್ತೇನೆ. ಯಾರ್ಕ್‌ಷೈರಿನ ವೆನ್ಸ್ಲಿಡೇಲ್ ಎಂಬ ಕಣಿವೆಯಲ್ಲಿ, ಫ್ರಾನ್ಸಿನಿಂದ ಬಂದ ಸನ್ಯಾಸಿಗಳು ಕಲಿಸಿದ ಚೀಸನ್ನು ರೈತರ ಮನೆಯ ಹೆಂಗಸರು ತಲೆತಲಾಂತರದಿಂದ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಹಾಲನ್ನೆಲ್ಲ ಬಹುಮಟ್ಟಿಗೆ ಒಂದೇ ಬಗೆಯ ಚೀಸಿಗೆ ಉಪಯೋಗಿಸಬೇಕೆಂದು ಸರಕಾರ ವಿಧಿಸಿತು. ಪಡಿತರವು ೧೯೫೪ರಲ್ಲಿ ಮುಗಿಯುವಷ್ಟರಲ್ಲಿ ಅನೇಕ ಪ್ರಾಂತಗಳ ಚೀಸುಗಳು ಅಳಿವಿನ ಅಂಚಿಗೆ ಬಂದಿದ್ದವು. ೧೯೯೨ರಲ್ಲಿ ಆ ಕಣಿವೆಯ ಹಾಸ್ ಎಂಬ ಊರಿನ ಕಾರ್ಖಾನೆಯನ್ನೂ ಮುಚ್ಚಿ, ತಯಾರಿಕೆಯನ್ನು ನೆರೆಯ ಪ್ರಾಂತಕ್ಕೆ ಸಾಗಿಸಿದರು. ಆದರೆ ಕೆಲಸ ಬಲ್ಲವರು ಊರಿನಲ್ಲಿಯೇ ಇದ್ದರು. ಅದೇ ವರ್ಷ ಹಳೆಯ ಮೇಲ್ವಿಚಾರಕರು ಕಾರ್ಖಾನೆಯನ್ನು ಕೊಂಡು, ಕೆಲಸಗಾರರನ್ನು ಕೂಡಿಸಿಕೊಂಡು, ಪುನಃ ಚೀಸನ್ನು ಮಾಡತೊಡಗಿದರು. ೨೦೧೩ರಲ್ಲಿ ಯಾರ್ಕ್‌ಷೈರ್ ವೆನ್ಸ್ಲಿಡೇಲ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯೂ ದೊರೆಯಿತು.

ನಮ್ಮ ದೇಶದಲ್ಲಿಯೂ ಇಂಥ ರಕ್ಷಣೆಯುಂಟು. ೨೦೦೩ರಿಂದ ಜಾರಿಯಲ್ಲಿರುವ ಕಾನೂನಿನ ಮೇರೆಗೆ ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಸೊರಗು ರೋಗದಿಂದ ರಸಬಾಳೆಯ ತೋಟಗಳು ತೀರ ಕಡಮೆಯಾದುವು. ಮುದ್ರೆಯು ಹೆಸರನ್ನು ಕಾಯಬಹುದು. ಗಿಡವನ್ನು ಕಾಯುವುದು ಬಲ್ಲವರ ಕೈಯೇ. ಆ ಕೈ ಇರುವಷ್ಟು ಕಾಲ ಮರಳುವ ದಾರಿಯುಂಟು. ಅದು ಹೋದ ಮೇಲೆ ಹಣವಿದ್ದರೂ ಆಗದು.

ಆದಕಾರಣ ನಮ್ಮ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ಮನೆಯ ಹಿರಿಯರನ್ನು ಕೇಳಿರಿ: ಯಾವ ಬೀಜ, ಯಾವ ಮಳೆಗೆ ಬಿತ್ತುವುದು, ಹೇಗೆ ಕಾಪಿಡುವುದು, ಹೇಗೆ ಅಡುಗೆ ಮಾಡುವುದು. ಕೇಳಿದ್ದನ್ನು ಬರೆದಿಡಿರಿ. ಹೊಲದ ಒಂದು ಮೂಲೆಯನ್ನಾದರೂ ಮನೆಯ ಊಟಕ್ಕೆ ಮೀಸಲಾಗಿಡಿರಿ. ಸಂತೆಯಲ್ಲಿ ಕೊಳ್ಳುವಾಗ ಬೆಳೆದವರ ಊರನ್ನು ವಿಚಾರಿಸಿರಿ. ನಮ್ಮ ವಸತಿಗೃಹದಲ್ಲಿ ಊಟಕ್ಕೆ ಮೊದಲು ಕೃತಜ್ಞತೆಯನ್ನು ಸಲ್ಲಿಸುವ ಪದ್ಧತಿಯುಂಟು. ಅನ್ನವು ಯಾರ ಕೈಗಳಿಂದ ಬಂತೆಂದು ತಿಳಿದವರ ಕೃತಜ್ಞತೆಯು ಹೆಚ್ಚು ನಿಜವಾಗಿರುತ್ತದೆ.

ಈ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟೆನು. ಹಾಡಿಯ ಬಾಲಿಕೆಯು ನಾಲ್ಕು ಪುಟ ಬರೆದು, ತರಗತಿಯ ಮುಂದೆ ನಿಂತು ಮೂರು ಬಗೆಯ ಜೇನನ್ನು ವಿವರಿಸಿದಳು, ಯಾರೂ ನಗಲಿಲ್ಲ. ಪಿರಿಯಾಪಟ್ಟಣದ ಆ ಬಾಲಿಕೆಯು ಒಂದು ಹಿಡಿ ಅವರೆ ಬೀಜವನ್ನು ಕಾಗದದಲ್ಲಿ ಕಟ್ಟಿ ತಂದಿದ್ದಳು. ಅವಳ ಅಜ್ಜಿಯು ವರುಷ ವರುಷವೂ ಹಿತ್ತಲಿನಲ್ಲಿ ನಾಲ್ಕು ಬಳ್ಳಿಯನ್ನು ಹಬ್ಬಿಸಿ, ಬೀಜವನ್ನು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿ ಕಾಪಾಡುತ್ತ ಬಂದಿದ್ದಳಂತೆ. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಮೊಮ್ಮಗಳು ಕೇಳಿದ್ದಕ್ಕೆ ಆಕೆಯು, “ಯಾರೂ ಕೇಳ್ನಿಲ್ಲ ಕನವ್ವ” ಎಂದಳಂತೆ.